ತಲುಪದ ಸ್ಪಿಟ್‌ಫೈರ್: 1948ರ ಒಂದು ಹಸ್ತಾಂತರ ಹಾರಾಟ

ಯುದ್ಧವಿಮಾನವೊಂದರ ಆಯುಷ್ಯದಲ್ಲಿ ಅದು ಮಾರಿದವರ ಕೈಬಿಟ್ಟು ಕೊಂಡವರ ಕೈಸೇರದೆ ಇರುವ ಒಂದು ಅಲ್ಪ ಅವಧಿಯುಂಟು. ಮಾರಿದವರ ಹ್ಯಾಂಗರ್‌ನಿಂದ ಹೊರಬಿದ್ದು ಕೊಂಡವರ ವಾಯುನೆಲೆಯನ್ನು ಮುಟ್ಟುವವರೆಗಿನ ಈ ಪಯಣಕ್ಕೆ ವಾಯುಯಾನದ ಪರಿಭಾಷೆಯಲ್ಲಿ ‘ಡೆಲಿವರಿ ಫ್ಲೈಟ್’ ಅಥವಾ ‘ಫೆರಿ ಫ್ಲೈಟ್’ ಎಂಬ ಹೆಸರಿದ್ದು, ಕನ್ನಡದಲ್ಲಿ ಇದನ್ನು ಹಸ್ತಾಂತರ ಹಾರಾಟ ಎನ್ನಬಹುದು. ಶತ್ರುವಿನ ಗುಂಡಿಲ್ಲದ, ಬಾಂಬಿನ ಹೊರೆಯಿಲ್ಲದ ಈ ಪಯಣ ಮೇಲ್ನೋಟಕ್ಕೆ ಸುಲಭದ ಕೆಲಸವೆಂದು ತೋರಿದರೂ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳಿಂದ ವಾಯುನೆಲೆಗಳಿಗೆ ಮೂರು ಲಕ್ಷಕ್ಕೂ ಹೆಚ್ಚು ವಿಮಾನಗಳನ್ನು ಮುಟ್ಟಿಸಿದ ಬ್ರಿಟನ್ನಿನ ‘ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ’ ಎಂಬ ನಾಗರಿಕ ಸಂಸ್ಥೆಯು, ತಾನು ಯುದ್ಧಮಾಡದೆಯೂ, ತನ್ನ 170ಕ್ಕೂ ಹೆಚ್ಚು ಸದಸ್ಯರನ್ನು ಕಳೆದುಕೊಂಡಿತು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿ ಜಗತ್ಪ್ರಸಿದ್ಧರಾಗಿದ್ದ ಆಮಿ ಜಾನ್ಸನ್ 1941ರ ಜನವರಿಯಲ್ಲಿ ಥೇಮ್ಸ್ ನದೀಮುಖದಲ್ಲಿ ಪ್ರಾಣ ಕಳೆದುಕೊಂಡದ್ದು ಇಂಥದೇ ಒಂದು ವಿಮಾನವನ್ನು ಮುಟ್ಟಿಸುವ ಹಾದಿಯಲ್ಲಿ.

ಯುದ್ಧ ಮುಗಿದ ಮೇಲೆ ಈ ಹಾರಾಟಗಳು ನಿಲ್ಲಲಿಲ್ಲ. ಗೆದ್ದ ರಾಷ್ಟ್ರಗಳ ಬಳಿ ಉಳಿದುಹೋದ ಸಾವಿರಾರು ವಿಮಾನಗಳು ಹೊಸದಾಗಿ ಹುಟ್ಟಿದ ದೇಶಗಳಿಗೆ, ಹೊಸದಾಗಿ ಹೊತ್ತಿಕೊಂಡ ಯುದ್ಧಗಳಿಗೆ ಮಾರಾಟವಾಗತೊಡಗಿದಾಗ ಅವು ಹಿಂದೆಂದಿಗಿಂತಲೂ ದೂರದ ದಾರಿಗಳನ್ನು ಹಿಡಿದವು. 1948ರ ಡಿಸೆಂಬರ್ 18ರಂದು ಯುಗೊಸ್ಲಾವಿಯದ ಪರ್ವತಸೀಮೆಯಲ್ಲಿ ಪತನವಾದ ಒಂದು ಸ್ಪಿಟ್‌ಫೈರ್ ಅಂಥ ದಾರಿಯೊಂದರ ನಡುವೆ ಕಳೆದುಹೋದ ವಿಮಾನ. ಅದನ್ನು ನಡೆಸುತ್ತಿದ್ದವರು, ಆ ಹಾರಾಟವೇ ಅಸಾಧ್ಯವೆಂದು ಕಂಡಿದ್ದಾಗ ಅದಕ್ಕೊಂದು ಉಪಾಯ ಹೂಡಿದ್ದ ಎಂಜಿನಿಯರ್ ಸ್ಯಾಮ್ ಪೊಮರಾನ್ಸ್ ಅವರೇ ಎಂಬುದು ಈ ಘಟನೆಯನ್ನು ವಿಶೇಷ ಅಧ್ಯಯನಕ್ಕೆ ಯೋಗ್ಯವಾಗಿಸುತ್ತದೆ.

ನಿರ್ಬಂಧದ ಕಾಲದ ವ್ಯಾಪಾರ

1948ರ ಮೇ 14ರಂದು ಇಸ್ರೇಲ್ ತನ್ನ ಸ್ಥಾಪನೆಯನ್ನು ಘೋಷಿಸಿದ ಮರುದಿನವೇ ಈಜಿಪ್ಟ್ ಮೊದಲಾದ ನೆರೆಯ ಅರಬ್ ರಾಷ್ಟ್ರಗಳ ಸೇನೆಗಳು ಯುದ್ಧರಂಗಕ್ಕಿಳಿದವು. ಏಳು ಲಕ್ಷದಷ್ಟು ಪ್ಯಾಲೆಸ್ಟೀನಿಯನ್ನರನ್ನು ಮನೆಮಠಗಳಿಂದ ಹೊರದೂಡಿದ, ಇಂದಿಗೂ ತೀರದ ಕಲಹವೊಂದಕ್ಕೆ ಬುನಾದಿ ಹಾಕಿದ ಈ ಯುದ್ಧ ನಡೆಯುತ್ತಿರುವಾಗಲೇ, ಮೇ 29ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಕದನವಿರಾಮಕ್ಕೆ ಕರೆಕೊಟ್ಟು, ಆ ಪ್ರದೇಶಕ್ಕೆ ಯುದ್ಧಸಾಮಗ್ರಿಯನ್ನು ಸಾಗಿಸಬಾರದೆಂದು ಸೂಚಿಸಿತು. ಅಮೆರಿಕವು ಅದಕ್ಕೂ ಮೊದಲೇ, 1947ರ ಡಿಸೆಂಬರಿನಲ್ಲಿ, ಆ ಪ್ರದೇಶದ ಎಲ್ಲರಿಗೂ ಆಯುಧ ಮಾರಾಟವನ್ನು ನಿಲ್ಲಿಸಿತ್ತು. ಹೀಗೆ ಮುಂಬಾಗಿಲುಗಳೆಲ್ಲ ಮುಚ್ಚಿದ್ದ ಹೊತ್ತಿನಲ್ಲಿ ತೆರೆದಿದ್ದ ಹಿಂಬಾಗಿಲು ಚೆಕೊಸ್ಲೊವಾಕಿಯದ್ದು.

ಆ ದೇಶಕ್ಕೆ ವಿದೇಶಿ ವಿನಿಮಯ, ಅದರಲ್ಲಿಯೂ ಡಾಲರ್, ತೀರ ಅಗತ್ಯವಾಗಿತ್ತು. ಮೊದಲು ಅದು ಇಸ್ರೇಲಿಗೆ ಮಾರಿದ್ದು ಆವಿಯಾ ಎಸ್-199 ಎಂಬ ವಿಮಾನಗಳನ್ನು. ಇವು ಜರ್ಮನ್ ಮೆಸ್ಸರ್‌ಶ್ಮಿಟ್ 109ರ ಒಡಲಿಗೆ ಬಾಂಬರ್ ವಿಮಾನಕ್ಕೆಂದು ತಯಾರಾಗಿದ್ದ ಭಾರದ ಎಂಜಿನ್ನನ್ನು ಕೂಡಿಸಿ ಯುದ್ಧಾನಂತರ ಕಟ್ಟಿದ ಬೆರಕೆ ವಿಮಾನಗಳಾಗಿದ್ದು, ನೆಲದ ಮೇಲೆ ಓಡುವಾಗ ಪಕ್ಕಕ್ಕೆಳೆಯುವ ಚಾಳಿಯಿಂದಾಗಿ ಚೆಕ್ ಚಾಲಕರಿಂದ ‘ಮೆಜೆಕ್’, ಅಂದರೆ ಹೇಸರಗತ್ತೆ ಎಂಬ ಅಡ್ಡಹೆಸರನ್ನು ಗಳಿಸಿದ್ದವು. ಅವುಗಳನ್ನು ಬಿಚ್ಚಿ, ಸರಕು ವಿಮಾನಗಳ ಹೊಟ್ಟೆಯಲ್ಲಿ ತುಂಬಿ, ಝಾಟೆಟ್ಸ್ ಎಂಬ ಊರಿನ ನೆಲೆಯಿಂದ ಇಸ್ರೇಲಿಗೆ ಸಾಗಿಸಲಾಯಿತು.

ಎರಡನೆಯ ವ್ಯಾಪಾರ ಸ್ಪಿಟ್‌ಫೈರ್ ವಿಮಾನಗಳದ್ದು. ನಾಜಿಗಳ ವಿರುದ್ಧದ ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯೊಳಗೆ ಚೆಕೊಸ್ಲೊವಾಕ್ ಚಾಲಕರದೇ ಆದ ಸ್ಕ್ವಾಡ್ರನ್‌ಗಳಿದ್ದವು; ಯುದ್ಧ ಮುಗಿದು 1945ರ ಆಗಸ್ಟ್‌ನಲ್ಲಿ ಸ್ವದೇಶಕ್ಕೆ ಮರಳುವಾಗ ಅವು ತಮ್ಮ ಸ್ಪಿಟ್‌ಫೈರ್ 9 ಮಾದರಿಯ ವಿಮಾನಗಳನ್ನೂ ಜೊತೆಗೆ ತಂದವು. 1948ರ ಫೆಬ್ರುವರಿಯಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ದೇಶದ ವಾಯುಪಡೆ ಸೋವಿಯತ್ ಮಾದರಿಗಳತ್ತ ಹೊರಳಿದ್ದರಿಂದ ಈ ಬ್ರಿಟಿಷ್ ವಿಮಾನಗಳು ಬೇಡವಾದವು. ಸುಮಾರು 50 ಸ್ಪಿಟ್‌ಫೈರ್‌ಗಳನ್ನು ಇಸ್ರೇಲ್ ಖರೀದಿಸಿತು. ಆದರೆ ಅಮೆರಿಕದ ಒತ್ತಡಕ್ಕೆ ಮಣಿದ ಚೆಕ್ ಸರ್ಕಾರ ಆಗಸ್ಟ್ ತಿಂಗಳಿನಲ್ಲಿ ಝಾಟೆಟ್ಸ್ ನೆಲೆಯನ್ನು ಮುಚ್ಚಿಸಿದಾಗ, ಸರಕು ವಿಮಾನಗಳ ದಾರಿ ಕಡಿದುಹೋಗಿ, ಕೊಂಡ ವಿಮಾನಗಳನ್ನು ಒಯ್ಯುವ ಬಗೆಯೇ ಪ್ರಶ್ನೆಯಾಗಿ ಉಳಿಯಿತು.

ಏಳುನೂರು ಕಿಲೋಮೀಟರಿನ ವಿಮಾನ

ಸ್ಪಿಟ್‌ಫೈರ್ ದೂರ ಹೋಗಲೆಂದು ಹುಟ್ಟಿದ ವಿಮಾನವಲ್ಲ. ಇಂಗ್ಲೆಂಡಿನ ಆಕಾಶಕ್ಕೆ ನುಗ್ಗುವ ಬಾಂಬರುಗಳನ್ನು ನಿಮಿಷಗಳೊಳಗೆ ಮೇಲೇರಿ ತಡೆಯುವುದು ಅದರ ಮೂಲ ಉದ್ದೇಶವಾಗಿತ್ತು. ಅದರ ತೆಳುವಾದ ರೆಕ್ಕೆಗಳಲ್ಲಿ ಇಂಧನಕ್ಕೆ ಜಾಗವಿರದೆ, ಚಾಲಕನ ಮುಂಭಾಗದ ತೊಟ್ಟಿಗಳಲ್ಲಿಯೇ ಪೆಟ್ರೋಲ್ ತುಂಬಬೇಕಾಗಿತ್ತು. ಒಂಬತ್ತನೆಯ ಮಾದರಿಯ ಸ್ಪಿಟ್‌ಫೈರ್ ಸುಮಾರು 386 ಲೀಟರ್ ಇಂಧನ ಹೊತ್ತು ಸುಮಾರು 700 ಕಿಲೋಮೀಟರ್ ಹಾರಬಲ್ಲುದಾಗಿತ್ತು. ಕ್ರಮಿಸಬೇಕಾಗಿದ್ದ ದಾರಿಯಾದರೋ, ಮೊರಾವಿಯ ಪ್ರಾಂತದ ಕುನೊವಿಟ್ಸೆ ವಿಮಾನನೆಲೆಯಿಂದ ಇಸ್ರೇಲಿನವರೆಗೆ, ನೇರ ಗೆರೆ ಎಳೆದರೂ 2300 ಕಿಲೋಮೀಟರಿಗೆ ಕಡಿಮೆಯಿರಲಿಲ್ಲ.

ಈ ಅಂತರವನ್ನು ತುಂಬಲು ಎರಡು ಉಪಾಯಗಳು ಬೇಕಾದವು. ಮೊದಲನೆಯದು ರಾಜತಾಂತ್ರಿಕ ಸ್ವರೂಪದ್ದು. 1948ರ ಜೂನ್ 28ರಂದು ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ‘ಕಾಮಿನ್‌ಫಾರ್ಮ್’ನಿಂದ ಹೊರದೂಡಲ್ಪಟ್ಟು ಸ್ಟಾಲಿನ್ನನ ಅವಕೃಪೆಗೆ ಗುರಿಯಾಗಿದ್ದ ಯುಗೊಸ್ಲಾವಿಯದ ಟಿಟೊ ಸರ್ಕಾರವು, ಮಾಂಟೆನೀಗ್ರೊ ಸೀಮೆಯ ನಿಕ್ಷಿಚ್ ಎಂಬ ಊರಿನ ಬಳಿಯ ವಿಮಾನನೆಲೆಯಲ್ಲಿ ಇಳಿದು ಇಂಧನ ತುಂಬಿಕೊಳ್ಳಲು ಅನುಮತಿ ಕೊಟ್ಟಿತು. ಕುನೊವಿಟ್ಸೆಯಿಂದ ನಿಕ್ಷಿಚ್‌ಗೆ ದೂರ ಸುಮಾರು 700 ಕಿಲೋಮೀಟರ್. ಅಲ್ಲಿಂದ ಗ್ರೀಸನ್ನು ಬಳಸಿ ಮೆಡಿಟರೇನಿಯನ್ ಸಮುದ್ರವನ್ನು ದಾಟಿ ಇಸ್ರೇಲಿಗೆ ಹೋಗುವ ಎರಡನೆಯ ಹಂತ ನೇರಗೆರೆಯಲ್ಲಿಯೇ ಸುಮಾರು 1800 ಕಿಲೋಮೀಟರ್. ಈ ಎರಡನೆಯ ಹಂತಕ್ಕೆ ಬೇಕಾದದ್ದು ಯಂತ್ರಶಾಸ್ತ್ರದ ಉಪಾಯ, ಮತ್ತು ಅದರ ಹೊಣೆ ಬಿದ್ದದ್ದು ಅಮೆರಿಕದಿಂದ ಸ್ವಯಂಸೇವಕರಾಗಿ ಬಂದಿದ್ದ, ಎಂಜಿನಿಯರ್ ಹಾಗೂ ವಿಮಾನಚಾಲಕ ಎರಡೂ ಆಗಿದ್ದ ಪೊಮರಾನ್ಸ್ ಅವರ ಮೇಲೆ.

ಸಮಸ್ಯೆಯ ಗಾತ್ರವನ್ನು ಒಂದು ಸ್ಥೂಲ ಲೆಕ್ಕದಿಂದ ಗ್ರಹಿಸಬಹುದು. 386 ಲೀಟರಿಗೆ 700 ಕಿಲೋಮೀಟರ್ ಎಂದಾದರೆ 1800 ಕಿಲೋಮೀಟರಿಗೆ ಸಾವಿರ ಲೀಟರಿನಷ್ಟು ಇಂಧನ ಬೇಕು; ಅಂದರೆ ಹೆಚ್ಚುವರಿಯಾಗಿ ಹೊರಬೇಕಾದದ್ದು 600 ಲೀಟರಿಗೂ ಮಿಗಿಲು, ತೂಕದಲ್ಲಿ 430 ಕಿಲೋಗ್ರಾಂನಷ್ಟು, ಅದರ ಮೇಲೆ ತೊಟ್ಟಿಗಳ ಭಾರ ಬೇರೆ. ಬರಿಯ ವಿಮಾನದ ತೂಕವೇ ಸುಮಾರು 2550 ಕಿಲೋಗ್ರಾಂ, ಚಾಲಕ, ಇಂಧನ, ಮದ್ದುಗುಂಡು ಸೇರಿ ಹಾರುವಾಗಿನ ಸಾಮಾನ್ಯ ತೂಕ ಸುಮಾರು 3400 ಕಿಲೋಗ್ರಾಂ ಆಗಿರುವಾಗ, ಈ ಹೊಸ ಹೊರೆಯು ವಿಮಾನ ಎಂದಿನಂತೆ ಹೊರುತ್ತಿದ್ದ ಭಾರದ ಅರ್ಧದಷ್ಟಾಗುತ್ತದೆ. ವಿಮಾನವನ್ನು ಮಿತವ್ಯಯದ ವೇಗದಲ್ಲಿ ನಡೆಸಿದರೆ ಇಂಧನ ಸ್ವಲ್ಪ ಉಳಿಯುತ್ತದೆಯಾದರೂ ಭಾರದ ಪ್ರಶ್ನೆ ಅದರಿಂದ ಪರಿಹಾರವಾಗುವುದಿಲ್ಲ.

ಪೊಮರಾನ್ಸ್ ಕಂಡುಕೊಂಡ ದಾರಿ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವಂಥದು. ಬಂದೂಕುಗಳು, ರೇಡಿಯೊ ಮೊದಲಾಗಿ ಹಾರುವುದಕ್ಕೆ ಅನಿವಾರ್ಯವಲ್ಲದ ಸಾಮಗ್ರಿಯನ್ನೆಲ್ಲ ಕಳಚಿ, ಉಳಿಸಿದ ತೂಕದ ಜಾಗದಲ್ಲಿ ಹೆಚ್ಚುವರಿ ಇಂಧನ ತೊಟ್ಟಿಗಳನ್ನು ಅಳವಡಿಸಲಾಯಿತು. ದಾರಿ ತೋರುವ ಕೆಲಸವನ್ನು ನಾಲ್ಕು ಎಂಜಿನ್ನಿನ ದೊಡ್ಡ ಸರಕು ವಿಮಾನಕ್ಕೆ ವಹಿಸಿ, ಕೋಳಿಯ ಹಿಂದೆ ಮರಿಗಳು ಹೋಗುವಂತೆ ಸ್ಪಿಟ್‌ಫೈರ್‌ಗಳು ಅದರ ಬೆನ್ನುಹಿಡಿದು ಸಮುದ್ರವನ್ನು ದಾಟಬೇಕೆಂದು ನಿಶ್ಚಯವಾಯಿತು. ಎರಡು ಗಂಟೆಗೂ ಕಡಿಮೆ ಅವಧಿಯ ಕಾರ್ಯಾಚರಣೆಗೆಂದು ರೂಪುಗೊಂಡ ಇಕ್ಕಟ್ಟಾದ ಆಸನದಲ್ಲಿ ಚಾಲಕರು ಆರು ಗಂಟೆಗೂ ಮೀರಿ ಕೂರಬೇಕಾಗಿತ್ತು. ಈ ಇಡೀ ಯೋಜನೆಗೆ ‘ವೆಲ್ವೆಟಾ’ ಎಂಬ ಗುಪ್ತನಾಮವಿತ್ತು.

ಈ ಲೆಕ್ಕದ ಒಳಗೆ ಅಡಗಿದ್ದ ಒಂದು ಅಂಶವನ್ನು ಇಲ್ಲಿಯೇ ಗುರುತಿಸಬೇಕು. ತಿಳಿಯಾದ ಆಕಾಶದಲ್ಲಿ ರೇಡಿಯೊ ಇಲ್ಲದ ವಿಮಾನ ಕೇವಲ ಹಗುರವಾದ ವಿಮಾನ. ಮೋಡದೊಳಗೆ ಅದು ಕಿವುಡು ಮೂಕ ವಿಮಾನ. ಕಳಚಿದ ಪ್ರತಿಯೊಂದು ಉಪಕರಣವೂ ದೂರವನ್ನು ಗಳಿಸಿಕೊಟ್ಟಿತಾದರೂ ಆ ದೂರವೆಲ್ಲ ಹವೆ ಸರಿಯಾಗಿರುತ್ತದೆ ಎಂಬ ನಂಬಿಕೆಯ ಮೇಲೆ ಪಡೆದ ಸಾಲವಾಗಿತ್ತು.

ಮೊದಲ ಯತ್ನದ ಪಾಠ

ಸೆಪ್ಟೆಂಬರ್ ಕೊನೆಯ ವಾರದಲ್ಲಿ ಆರು ಸ್ಪಿಟ್‌ಫೈರ್‌ಗಳು ಕುನೊವಿಟ್ಸೆಯಿಂದ ಹೊರಟು ನಿಕ್ಷಿಚ್‌ ಸೇರಿದವು. ಅವುಗಳಲ್ಲಿ ಒಂದು ಅಲ್ಲಿ ಇಳಿಯುವಾಗ ಜಖಂಗೊಂಡಿತು. ಉಳಿದ ಐದು ಸೆಪ್ಟೆಂಬರ್ 27ರಂದು ಸಮುದ್ರದ ಹಂತಕ್ಕೆ ಹೊರಟವು. ದಾರಿಯಲ್ಲಿ ಎರಡು ವಿಮಾನಗಳಿಗೆ ಇಂಧನದ ತೊಂದರೆ ಎದುರಾದ್ದರಿಂದ ಅವುಗಳ ಚಾಲಕರಾದ ಮೋಡಿ ಅಲೋನ್ ಮತ್ತು ಬೋರಿಸ್ ಸೀನಿಯರ್ ಗ್ರೀಸಿಗೆ ಸೇರಿದ ರೋಡ್ಸ್ ದ್ವೀಪದಲ್ಲಿ ಇಳಿಯಬೇಕಾಯಿತು. ಸ್ವತಃ ಕಮ್ಯುನಿಸ್ಟ್ ಗೆರಿಲ್ಲಾಗಳೊಡನೆ ಅಂತರ್ಯುದ್ಧದಲ್ಲಿ ತೊಡಗಿದ್ದ ಗ್ರೀಸಿಗೆ, ಯುಗೊಸ್ಲಾವಿಯದ ದಿಕ್ಕಿನಿಂದ ಬಂದಿಳಿದ ಯುದ್ಧವಿಮಾನಗಳ ಬಗೆಗೆ ಸಂಶಯ ಮೂಡುವುದು ಸಹಜವೇ ಆಗಿತ್ತು; ವಿಮಾನಗಳನ್ನು ಜಪ್ತಿ ಮಾಡಿ, ಚಾಲಕರನ್ನು ಕೆಲಕಾಲ ತಡೆದಿರಿಸಿಕೊಳ್ಳಲಾಯಿತು. ಪೊಮರಾನ್ಸ್ ಅವರದೂ ಸೇರಿದಂತೆ ಮೂರು ವಿಮಾನಗಳು ಇಸ್ರೇಲನ್ನು ಮುಟ್ಟಿದವು.

ಹೊರಟ ಆರರಲ್ಲಿ ತಲುಪಿದ್ದು ಮೂರು ಎಂಬುದು ಯಾವ ಸಾಗಣೆಯ ಲೆಕ್ಕದಲ್ಲಿಯೂ ಸೋಲೇ ಸರಿ. ಆದರೂ ಸಾಮಾನ್ಯ ವ್ಯಾಪ್ತಿಯ ಎರಡೂವರೆ ಪಟ್ಟು ದೂರವನ್ನು ಒಂದೇ ಉಸಿರಿಗೆ ಹಾರಿ ಆ ಮೂರು ವಿಮಾನಗಳು ಬಂದಿಳಿದದ್ದರಿಂದ, ಲೆಕ್ಕ ಕಾಗದದ ಮೇಲಷ್ಟೇ ಅಲ್ಲ, ಗಾಳಿಯಲ್ಲಿಯೂ ಸರಿಯಾದದ್ದೆಂಬುದು ಸಿದ್ಧವಾಯಿತು. ರೋಡ್ಸ್‌ನಿಂದ ಬಿಡುಗಡೆಯಾಗಿ ಬಂದ ಅಲೋನ್, ಇಸ್ರೇಲಿನ ಮೊದಲ ಫೈಟರ್ ಸ್ಕ್ವಾಡ್ರನ್ನಿನ ನಾಯಕರಾಗಿದ್ದವರು, ಅಕ್ಟೋಬರ್ 16ರಂದು ಹೇಸರಗತ್ತೆಯೆಂಬ ಹೆಸರಿನ ಅದೇ ಎಸ್-199 ವಿಮಾನವನ್ನು ಇಳಿಸುವ ಹೊತ್ತಿನಲ್ಲಿ ಅಪಘಾತಕ್ಕೀಡಾಗಿ ಮೃತಪಟ್ಟರು. ಈ ಸಾವು ಸ್ಪಿಟ್‌ಫೈರ್‌ಗಳು ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದೆಂಬ ಅನಿಸಿಕೆಯನ್ನು ಇನ್ನಷ್ಟು ಗಟ್ಟಿಗೊಳಿಸಿರಬೇಕು.

ಡಿಸೆಂಬರ್ 18

ಎರಡನೆಯ ಯತ್ನ ನಡೆದದ್ದು ಡಿಸೆಂಬರಿನಲ್ಲಿ. ಇಸ್ರೇಲ್ ಈಜಿಪ್ಟ್ ಸೇನೆಯ ಮೇಲೆ ನಡೆಸಲಿದ್ದ ‘ಹೋರೆವ್’ ಎಂಬ ಕೊನೆಯ ದೊಡ್ಡ ದಾಳಿ ಅದೇ ತಿಂಗಳ 22ರಂದು ಆರಂಭವಾದದ್ದನ್ನು ನೆನೆದರೆ, ಚಳಿಗಾಲದ ನಟ್ಟನಡುವೆ ಯುರೋಪಿನ ಪರ್ವತಗಳನ್ನು ದಾಟುವ ಈ ಆತುರಕ್ಕೆ ಕಾರಣ ತಿಳಿಯುತ್ತದೆ. ಯುದ್ಧದ ಪಂಚಾಂಗದಲ್ಲಿ ಅದು ಒಳ್ಳೆಯ ಮುಹೂರ್ತ, ಹವಾಮಾನದ ಪಂಚಾಂಗದಲ್ಲಿ ಅಲ್ಲ.

ಮೊರಾವಿಯದಿಂದ ಮಾಂಟೆನೀಗ್ರೊಗೆ ಹೋಗುವ ದಾರಿ ಹಂಗೆರಿಯ ಬಯಲನ್ನು ಹಿಂದಿಕ್ಕಿದ ಮೇಲೆ ದಿನಾರಿಕ್ ಪರ್ವತಶ್ರೇಣಿಯನ್ನು ಹೊಗುತ್ತದೆ. ಏಡ್ರಿಯಾಟಿಕ್ ಸಮುದ್ರಕ್ಕೆ ಸಮಾಂತರವಾಗಿ ಹಬ್ಬಿರುವ ಸುಣ್ಣಕಲ್ಲಿನ ಈ ಬೆಟ್ಟಸಾಲಿನಲ್ಲಿ 2000 ಮೀಟರಿಗೂ ಎತ್ತರದ ಶಿಖರಗಳು ಹಲವಿದ್ದು, ನಿಕ್ಷಿಚ್‌ಗೆ ಉತ್ತರದಲ್ಲಿರುವ ಡುರ್ಮಿಟೊರ್ ಪರ್ವತವು 2500 ಮೀಟರನ್ನು ಮೀರುತ್ತದೆ. ಸಮುದ್ರದ ತೇವದ ಗಾಳಿ ಚಳಿಗಾಲದಲ್ಲಿ ಈ ಗೋಡೆಗೆ ಬಡಿದು ಮೇಲೇರುವಾಗ ತಣಿದು ದಟ್ಟ ಮೋಡವೂ ಹಿಮಪಾತವೂ ಉಂಟಾಗುತ್ತವೆ. ನಿಕ್ಷಿಚ್ ಇರುವುದು ಇಂಥ ಬೆಟ್ಟಗಳ ನಡುವಿನ ಬೋಗುಣಿಯಂಥ ಬಯಲಿನಲ್ಲಿ. ಮೋಡ ಕವಿದಾಗ ಆ ಬೋಗುಣಿಯ ಬಾಯಿಯೇ ಮುಚ್ಚಿಹೋಗುತ್ತದೆ.

ಹಿಮದ ಮೋಡವನ್ನು ಹೊಕ್ಕ ಸಣ್ಣ ವಿಮಾನಕ್ಕೆ ಒದಗುವ ಅಪಾಯಗಳು ಮುಖ್ಯವಾಗಿ ಮೂರು. ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲಿಯೂ ದ್ರವರೂಪದಲ್ಲಿಯೇ ಉಳಿದಿರುವ ನೀರಹನಿಗಳು ರೆಕ್ಕೆಗೆ ತಾಗಿದೊಡನೆ ಮಂಜುಗಡ್ಡೆಯಾಗಿ, ರೆಕ್ಕೆಯ ಆಕಾರವನ್ನು ಕೆಡಿಸಿ, ವಿಮಾನವನ್ನು ಎತ್ತಿಹಿಡಿಯುವ ಬಲವನ್ನು ಕುಗ್ಗಿಸುವುದು ಮೊದಲನೆಯದು. ಕಣ್ಣಿಗೆ ದಿಗಂತ ಕಾಣದಾದಾಗ, ಸಮತೋಲವನ್ನು ತಿಳಿಸುವ ಒಳಗಿವಿಯು ಓರೆಯಾಗಿ ತಿರುಗುತ್ತಿರುವ ವಿಮಾನವನ್ನೂ ನೇರವಾಗಿದೆಯೆಂದೇ ಭ್ರಮಿಸಿ ಚಾಲಕನಿಗೆ ತಪ್ಪು ಹೇಳುವುದು ಎರಡನೆಯದು. ಇದಕ್ಕೆ ಪರಿಹಾರವೆಂದರೆ ಮೈಯ ಮಾತನ್ನು ಧಿಕ್ಕರಿಸಿ ಉಪಕರಣಗಳನ್ನಷ್ಟೇ ನಂಬಿ ಹಾರುವುದು, ಅದು ಒಬ್ಬನೇ ಇರುವ ಫೈಟರ್ ವಿಮಾನದಲ್ಲಿ ಅತ್ಯಂತ ದಣಿಸುವ ಕೆಲಸ. ಗುಂಪಿನಲ್ಲಿ ಹಾರುವವರು ಪರಸ್ಪರರನ್ನು ಕಾಣದೆ ಚದರಿಹೋಗುವುದು ಮೂರನೆಯದು. ಹಾಗೆ ಚದರಿದವರಿಗೆ ನೆಲದಿಂದ ದಿಕ್ಕು ಹೇಳುವ ದನಿಯೊಂದಿದ್ದರೆ ಮಾತ್ರ ಬೆಟ್ಟ ಎಲ್ಲಿದೆ, ಬಯಲು ಎಲ್ಲಿದೆ ಎಂಬುದು ತಿಳಿದೀತು.

ಡಿಸೆಂಬರ್ 18ರಂದು ಪೊಮರಾನ್ಸ್ ಅವರ ನೇತೃತ್ವದಲ್ಲಿ ಕುನೊವಿಟ್ಸೆಯಿಂದ ಹೊರಟ ಸ್ಪಿಟ್‌ಫೈರ್‌ಗಳು ಯುಗೊಸ್ಲಾವಿಯದ ಮೇಲೆ ಇಂಥದೇ ಹಿಮಬಿರುಗಾಳಿಗೆ ಸಿಕ್ಕವು. ಕೆಲವರು ವಿಮಾನ ತಿರುಗಿಸಿ ಹೊರಟಲ್ಲಿಗೇ ಮರಳಿದರು. ಒಂದು ವಿಮಾನ ಯುಗೊಸ್ಲಾವಿಯದ ನೆಲದ ಮೇಲೆ ತುರ್ತಾಗಿ ಇಳಿದು ಹಾಳಾಯಿತಾದರೂ ಅದರ ಚಾಲಕ ಬದುಕಿ ಉಳಿದರು. ಪೊಮರಾನ್ಸ್ ಅವರ ವಿಮಾನ ಪರ್ವತಸೀಮೆಯಲ್ಲಿ ಅಪ್ಪಳಿಸಿ ಅವರು ಅಲ್ಲಿಯೇ ಕೊನೆಯುಸಿರೆಳೆದರು. ತಾವು ಯಾವ ವಿಮಾನಗಳಿಗೆ ದೂರ ಹಾರುವ ಶಕ್ತಿಯನ್ನು ತುಂಬಿದ್ದರೋ ಅವುಗಳಲ್ಲಿ ಒಂದು, ದಾರಿಯ ಮೊದಲ ಹಾಗೂ ಚಿಕ್ಕ ಹಂತವನ್ನೂ ಮುಗಿಸದೆ, ಅವರೊಡನೆ ನಾಶವಾಯಿತು.

ಇಲ್ಲಿ ಗಮನಿಸಬೇಕಾದದ್ದು, ಈ ಪತನಕ್ಕೂ ಇಂಧನದ ಲೆಕ್ಕಕ್ಕೂ ಸಂಬಂಧವಿರಲಿಲ್ಲ ಎಂಬುದು. ಎಲ್ಲರ ಕಣ್ಣೂ ಸಮುದ್ರದ ಮೇಲಿನ 1800 ಕಿಲೋಮೀಟರಿನ ಮೇಲೆ ನೆಟ್ಟಿತ್ತು. ವಿಮಾನ ಬಿದ್ದದ್ದು ಅದಕ್ಕೆ ಮುಂಚಿನ 700 ಕಿಲೋಮೀಟರಿನಲ್ಲಿ. ಕಷ್ಟವೆಂದು ಗೊತ್ತಿದ್ದ ಭಾಗಕ್ಕೆ ಪರಿಹಾರ ಹುಡುಕಿದ್ದರು. ಸುಲಭವೆಂದು ಬಗೆದ ಭಾಗ ಪ್ರಾಣ ಕೇಳಿತು.

ಹಾರಾಟಗಳು ಇಷ್ಟಕ್ಕೆ ನಿಲ್ಲಲಿಲ್ಲ. ಮುಂದಿನ ದಿನಗಳಲ್ಲಿ ಮತ್ತೆ ಹೊರಟ ಗುಂಪುಗಳಲ್ಲಿ ಹತ್ತರಷ್ಟು ವಿಮಾನಗಳು ತಿಂಗಳು ಮುಗಿಯುವ ಮೊದಲೇ ಇಸ್ರೇಲನ್ನು ಸೇರಿದವು. 1949ರ ಜನವರಿ 7ರಂದು, ಕದನವಿರಾಮ ಜಾರಿಗೆ ಬರುವ ಹೊತ್ತಿನಲ್ಲಿ, ಇಸ್ರೇಲಿ ಸ್ಪಿಟ್‌ಫೈರ್‌ಗಳು ಸಿನಾಯ್ ಗಡಿಯ ಮೇಲೆ ಸ್ಥಿತಿಗತಿ ನೋಡಲು ಬಂದ ಬ್ರಿಟಿಷ್ ವಾಯುಪಡೆಯ ವಿಮಾನಗಳನ್ನು ಎದುರಿಸಿದವು. ಆ ದಿನ ಬ್ರಿಟನ್ ಐದು ವಿಮಾನಗಳನ್ನೂ ಇಬ್ಬರು ಚಾಲಕರನ್ನೂ ಕಳೆದುಕೊಂಡಿತು. ನಾಲ್ಕು ವರ್ಷಗಳ ಹಿಂದೆ ಒಂದೇ ಪಡೆಯ ಲಾಂಛನದಡಿ ಹಾರುತ್ತಿದ್ದ ಮಾದರಿಯ ವಿಮಾನಗಳು ಹೀಗೆ ಪರಸ್ಪರ ಗುಂಡು ಹಾರಿಸಿದ್ದು, ಯುದ್ಧಾನಂತರದ ಆಯುಧ ವ್ಯಾಪಾರದ ಸ್ವರೂಪವನ್ನು ಯಾವ ವ್ಯಾಖ್ಯಾನಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ.

ಕಾನ್ಪುರದಿಂದ ಬೆಂಗಳೂರಿಗೆ

ಅದೇ 1948ರಲ್ಲಿ ಭಾರತದಲ್ಲಿಯೂ ಒಂದು ಸಾಹಸಮಯ ವಿಮಾನ ಸಾಗಣೆ ನಡೆಯುತ್ತಿದ್ದು, ಅದರ ಗುರಿ ಬೆಂಗಳೂರಾಗಿತ್ತು. ಮಹಾಯುದ್ಧದಲ್ಲಿ ಅಮೆರಿಕವು ‘ಲೆಂಡ್-ಲೀಸ್’ ಎಂಬ ಎರವಲು ಏರ್ಪಾಟಿನಡಿ ಬ್ರಿಟನ್ನಿಗೆ ಕೊಟ್ಟಿದ್ದ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು ಯುದ್ಧದ ನಂತರ ಮರಳಿಸಬೇಕು ಇಲ್ಲವೇ ನಾಶಪಡಿಸಬೇಕು ಎಂಬ ಕರಾರಿದ್ದುದರಿಂದ, ಬ್ರಿಟಿಷರು ಕಾನ್ಪುರದಲ್ಲಿ ಅವುಗಳನ್ನು ಬಳಕೆಗೆ ಬಾರದಂತೆ ಬೇಕೆಂದೇ ಜಖಂಗೊಳಿಸಿ ಬಿಟ್ಟುಹೋಗಿದ್ದರು. ಬಾಂಬರುಗಳ ಅಗತ್ಯ ಕಂಡ ಸ್ವತಂತ್ರ ಭಾರತದ ಸರ್ಕಾರ ಈ ಗುಜರಿಯಲ್ಲಿ ಏನಾದರೂ ಉಳಿದಿದೆಯೇ ನೋಡಿರೆಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಕೇಳಿತು. ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಈ ಸಂಸ್ಥೆ, ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿ ಮಾಡಿದ ಅನುಭವವನ್ನು ಪಡೆದಿತ್ತು.

ಕಾನ್ಪುರದಲ್ಲಿಯೇ ಪೂರ್ಣ ದುರಸ್ತಿ ಸಾಧ್ಯವಿರದಿದ್ದ ಕಾರಣ, ಒಂದು ವಿಮಾನದ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಸುಮಾರು 1500 ಕಿಲೋಮೀಟರ್ ದೂರದ ಬೆಂಗಳೂರಿನವರೆಗೆ ಹಾರಿದರೆ ಸಾಕೆಂಬಷ್ಟು ತೇಪೆ ಹಾಕಿ, ಸಂಸ್ಥೆಯ ಪರೀಕ್ಷಾ ಚಾಲಕ ಜಮ್‌ಶೆಡ್ ಮುನ್ಶಿ ಅವುಗಳನ್ನು ಒಂದೊಂದಾಗಿ ಹಾರಿಸಿ ತಂದರು. ಹೀಗೆ ಬಂದ 42 ವಿಮಾನಗಳು ಬೆಂಗಳೂರಿನಲ್ಲಿ ಮರುಜನ್ಮ ಪಡೆದವು. ಅವುಗಳಿಗಾಗಿಯೇ 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ರೂಪುಗೊಂಡಿತು, ಮತ್ತು ಲಿಬರೇಟರ್‌ಗಳು 1968ರವರೆಗೂ ಸೇವೆಯಲ್ಲಿದ್ದವು.

ಎರಡು ಸಾಗಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಅಚ್ಚರಿ ಕಾಣುತ್ತದೆ. ಕುನೊವಿಟ್ಸೆಯ ಸ್ಪಿಟ್‌ಫೈರ್‌ಗಳು ಸುಸ್ಥಿತಿಯ ವಿಮಾನಗಳು, ಕಾನ್ಪುರದವು ಬೇಕೆಂದೇ ಕೆಡಿಸಿದ ಗುಜರಿ. ಆದರೂ ಕಂಟಕ ಎದುರಾದದ್ದು ಮೊದಲನೆಯವುಗಳಿಗೆ. ಲಿಬರೇಟರ್ ಹುಟ್ಟಿನಿಂದಲೇ ಸಾವಿರಾರು ಕಿಲೋಮೀಟರ್ ಹಾರಬಲ್ಲ ವಿಮಾನವಾದ್ದರಿಂದ ಅದರಿಂದ ಕೇಳಿದ್ದು ಅದರ ಸ್ವಭಾವಕ್ಕೆ ಒಗ್ಗುವ ಕೆಲಸವನ್ನೇ. ಮುನ್ಶಿ ಅವರ ದಾರಿ ಒಂದೇ ದೇಶದ ಆಕಾಶದೊಳಗಿನದು, ಬೇಕಾದಲ್ಲಿ ಇಳಿಯಬಹುದಾದದ್ದು. ಹವೆ ಕೆಟ್ಟರೆ ನಾಳೆ ಹೊರಡೋಣವೆನ್ನಲು ಅಡ್ಡಿಯಿರದಿದ್ದುದು. ಪೊಮರಾನ್ಸ್ ಅವರ ವಿಮಾನಗಳಿಗಾದರೋ ಯುದ್ಧದ ಗಡುವು, ಗೋಪ್ಯದ ಕಟ್ಟು, ಮೂರು ದೇಶಗಳ ಮರ್ಜಿ ಎಲ್ಲವೂ ಬೆನ್ನಿಗಿದ್ದವು.

ಆತುರದ ಬೆಲೆ

ವಿಮಾನ ಅಪಘಾತಗಳ ಅಧ್ಯಯನದಲ್ಲಿ ಬೇರೂರಿರುವ ಒಂದು ತಿಳಿವಳಿಕೆಯೆಂದರೆ, ಪತನ ಒಂದೇ ಕಾರಣದಿಂದ ಆಗುವುದು ಅಪರೂಪ, ಹಲವು ಸಣ್ಣ ಕಾರಣಗಳು ಸರಪಳಿಯಂತೆ ಕೂಡಿಕೊಂಡಾಗ ಆಗುವುದೇ ಹೆಚ್ಚು. 1948ರ ಸರಪಳಿಯ ಕೊಂಡಿಗಳನ್ನು ಎಣಿಸುವುದು ಕಷ್ಟವಲ್ಲ. ನಿರ್ಬಂಧದಿಂದಾಗಿ ತೆರೆದ ದಾರಿಗಳು ಮುಚ್ಚಿದವು, ಒತ್ತಡದಿಂದಾಗಿ ಸರಕು ವಿಮಾನದ ದಾರಿಯೂ ಕಡಿಯಿತು, ಅದರಿಂದ ಹತ್ತಿರದ ವಿಮಾನವನ್ನು ದೂರಕ್ಕೆ ಹಾರಿಸಬೇಕಾಯಿತು, ಅದಕ್ಕಾಗಿ ವಿಮಾನದ ಮೈ ಬರಿದಾಯಿತು, ಕಡೆಗೆ ಯುದ್ಧದ ಗಡುವು ಬರಿಮೈಯ ವಿಮಾನವನ್ನು ಹಿಮದ ತಿಂಗಳಿಗೆ ನೂಕಿತು. ಹಿಮಬಿರುಗಾಳಿ ಈ ಸರಪಳಿಯ ಕೊನೆಯ ಕೊಂಡಿ ಮಾತ್ರ. ಪೊಮರಾನ್ಸ್ ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅವರಿಗಿಂತ ಮುಂಚೆಯೂ ಆಮೇಲೂ ಸಮುದ್ರ ದಾಟಿದ ವಿಮಾನಗಳೇ ಅದಕ್ಕೆ ಸಾಕ್ಷಿ. ಆ ಲೆಕ್ಕದಲ್ಲಿ ಹವೆಗೆಂದು ಉಳಿಸಿದ ಪಾಲು ಇರಲಿಲ್ಲ, ಉಳಿಸುವ ಅವಕಾಶವನ್ನು ಆ ಕಾಲ ಅವರಿಗೆ ಕೊಟ್ಟಿರಲಿಲ್ಲ.

ಈಜಿಪ್ಟ್ ಮತ್ತು ಇಸ್ರೇಲ್ 1949ರ ಫೆಬ್ರುವರಿ 24ರಂದು ಯುದ್ಧವಿರಾಮ ಒಪ್ಪಂದಕ್ಕೆ ಸಹಿ ಹಾಕಿದವು. ಚೆಕೊಸ್ಲೊವಾಕಿಯದಿಂದ ಕೊಂಡಿದ್ದ ಸ್ಪಿಟ್‌ಫೈರ್‌ಗಳಲ್ಲಿ ಇನ್ನೂ ಉಳಿದಿದ್ದವನ್ನು ತರಲು ಈಗ ಅವಸರವಿರಲಿಲ್ಲವಾಗಿ, ಅವುಗಳನ್ನು ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ, ಹಡಗಿನಲ್ಲಿ ತರಲಾಯಿತು.